ಅಳಿಸಬೇಡಿ, ಕಾಟು ಹಾಕಿ

ಸಂಘದ ಜಾಲಪುಟದಲ್ಲಿ ‘ಸಂಜೆ 5 ಗಂಟೆ’ ಎಂದು ಓದಿ, ಎರಡು ರೈಲು ಬದಲಿಸಿ, ಮಕ್ಕಳುಮರಿಗಳೊಂದಿಗೆ ಬಂದ ಕುಟುಂಬವೊಂದಕ್ಕೆ ಕಂಡದ್ದು ಮುಚ್ಚಿದ ಬಾಗಿಲು. ಕಾರ್ಯಕ್ರಮ ಬೆಳಿಗ್ಗೆಯೇ ಮುಗಿದುಹೋಗಿತ್ತು. ಪುಟ ತೆರೆದರೆ ಅಲ್ಲಿ ‘ಬೆಳಿಗ್ಗೆ 10’ ಎಂದಿದೆ. ಐದರ ಸುಳಿವೇ ಇಲ್ಲ! “ನೀವೇ ಸರಿಯಾಗಿ ಓದಿಲ್ಲ” ಎಂಬ ಉತ್ತರ ಬೇರೆ. ತಪ್ಪು ನಮ್ಮದು, ಸುಳ್ಳರೆನಿಸಿಕೊಂಡವರು ಅವರು.

ವೇಳೆ ಬದಲಾದುದಕ್ಕೆ ನಮ್ಮ ಆಕ್ಷೇಪವಿಲ್ಲ; ಗುಟ್ಟಾಗಿ ಒರೆಸಿದ್ದಕ್ಕೆ ಇದೆ. ಹಳೆಯ ಹಸ್ತಪ್ರತಿಗಳಲ್ಲಿ ಬಿಟ್ಟುಹೋದ ಅಕ್ಷರಕ್ಕೆ ಹಂಸಪಾದ ಹಾಕಿ ಸೇರಿಸುತ್ತಿದ್ದರು. ಆಸ್ತಿಪತ್ರದಲ್ಲಿ ಒಂದು ಪದ ಹೊಡೆದುಹಾಕಿದರೂ, ಬರೆದುಕೊಟ್ಟವರ ಸಹಿಯಿಲ್ಲದಿದ್ದರೆ ಅಧಿಕಾರಿ ಆ ಪತ್ರವನ್ನು ನಿರಾಕರಿಸಬಹುದೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಕಾಗದಕ್ಕಿರುವ ಈ ಮರ್ಯಾದೆ ಜಾಲಪುಟಕ್ಕೆ ಏಕಿಲ್ಲ?

ಸಾಧನವಿಲ್ಲವೆನ್ನುವಂತಿಲ್ಲ. 1997ರ ಎಚ್.ಟಿ.ಎಂ.ಎಲ್. 4ರಲ್ಲೇ ‘ಡೆಲ್’, ‘ಇನ್ಸ್’ ಎಂಬ ಎರಡು ಗುರುತುಗಳು ಸೇರಿವೆ. ಹಳೆಯ ಮಾತನ್ನು ಡೆಲ್ ಒಳಗಿಟ್ಟರೆ ಅದರ ಮೇಲೆ ಅಡ್ಡಗೀಟು ಬೀಳುತ್ತದೆ. ಹೊಸದನ್ನು ಇನ್ಸ್ ಒಳಗಿಟ್ಟರೆ ಅಡಿಗೆರೆ ಬರುತ್ತದೆ. ತಿದ್ದಿದ ದಿನಾಂಕವನ್ನೂ, ಕಾರಣ ವಿವರಿಸುವ ಪುಟದ ವಿಳಾಸವನ್ನೂ ಆ ಗುರುತಿನಲ್ಲೇ ನಮೂದಿಸಬಹುದು.

“ಪುಟ ಗಲೀಜಾಗುತ್ತದೆ” ಎನ್ನುವವರಿದ್ದಾರೆ. ಹಾಗಾದರೆ ಅಂದಚಂದ ನೋಡಿಕೊಳ್ಳುವ ಸಿ.ಎಸ್.ಎಸ್. ಇರುವುದು ಏತಕ್ಕೆ? ಹಳೆಯದನ್ನು ಬೂದುಬಣ್ಣಕ್ಕೆ ಇಳಿಸಿ. ಹೊಸದರ ಅಡಿಗೆರೆ ತೆಗೆದು ತಿಳಿಹಳದಿ ಹಿನ್ನೆಲೆ ಕೊಡಿ. ಅಡಿಗೆರೆ ಕಂಡರೆ ಜನ ಕೊಂಡಿಯೆಂದು ಒತ್ತುತ್ತಾರೆ, ನಮ್ಮ ಒತ್ತಕ್ಷರಗಳಿಗೂ ಅದು ತೊಡರು. ಆದರೆ ಬಣ್ಣವೊಂದನ್ನೇ ನಂಬಬೇಡಿ. ಕಣ್ಣು ಕಾಣದವರಿಗೆ ಪುಟ ಓದಿಹೇಳುವ ತಂತ್ರಾಂಶಗಳು ಎಷ್ಟೋ ವೇಳೆ ಈ ಗುರುತುಗಳನ್ನು ಹೇಳದೆಯೇ ಮುಂದೆ ಸಾಗುತ್ತವೆ. ಗುರುತಿನೊಳಗಿನ ದಿನಾಂಕವೂ ತಾನಾಗಿ ತೆರೆಯ ಮೇಲೆ ಕಾಣದು. ಆದ್ದರಿಂದ ‘ತಿದ್ದುಪಡಿ’ ಎಂದು ದಿನಾಂಕದೊಡನೆ ಅಚ್ಚಗನ್ನಡದಲ್ಲಿ ಬರೆದೇಬಿಡಿ.

ಕಾಗುಣಿತದ ತಪ್ಪಿಗೆ ಇಷ್ಟೆಲ್ಲ ಬೇಡ. ವೇಳೆ, ಸ್ಥಳ, ಚಂದಾ, ಲೆಕ್ಕಪತ್ರ, ದಾನಿಗಳ ಹೆಸರು – ಇವುಗಳಿಗೆ ಬೇಕೇ ಬೇಕು. ಊರು ಬಿಟ್ಟು ಬಂದ ನಮ್ಮನ್ನು ಇಲ್ಲಿ ಕೂಡಿಸಿರುವುದು ಪರಸ್ಪರ ನಂಬಿಕೆ. ತಪ್ಪಿಗೆ ಕಾಟು ಹಾಕಿ ತೋರಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಮುಂದಿನ ಕಾರ್ಯಕ್ರಮದ ಪ್ರಕಟಣೆಯಿಂದಲೇ ಈ ಪದ್ಧತಿ ಆರಂಭವಾಗಬೇಕೆಂಬುದು ನಮ್ಮ ಆಗ್ರಹ.