ತೂಕ ಇಳಿದ ಮೇಲೂ ರಕ್ತಪರೀಕ್ಷೆ

ಅತಿಸ್ಥೂಲತೆಗಾಗಿ ಜಠರದ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ತೂಕ ಇಳಿದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದುಂಟು. ನಮ್ಮಂತಹ ಸಸ್ಯಾಹಾರಿ ಮನೆತನಗಳಲ್ಲಿ ಈ ಭಾವನೆ ಅಪಾಯಕರ. ಬಿ-12 ಜೀವಸತ್ವವು ನಮಗೆ ಹಾಲು, ಮೊಸರಿನಿಂದ ಮಾತ್ರ ಅಷ್ಟಿಷ್ಟು ದೊರೆಯುತ್ತದೆ. ಹೆಬ್ಬೂರು ಸೀಮೆಯ ರಾಗಿಮುದ್ದೆ, ಅವರೆಕಾಳಿನ ಸಾರು ಎಷ್ಟೇ ಪುಷ್ಟಿಕರವಾದರೂ ಅವುಗಳಲ್ಲಿ ಅದಿಲ್ಲ. ಶಸ್ತ್ರಕ್ರಿಯೆಯ ನಂತರವಂತೂ ಅದನ್ನು ಹೀರಿಕೊಳ್ಳಲು ನೆರವಾಗುವ ಜಠರರಸವೇ ಕುಂದುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವರಲ್ಲಿ ವರ್ಷಗಳ ಕಾಲ ಸಾಗುವುದರಿಂದ ಕೊರತೆ ತಡವಾಗಿ ತೋರುತ್ತದೆ. ಅಂಗಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮರೆವು ಇವೆಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿದ್ದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದಿರಬಹುದು.

ಆದ್ದರಿಂದ ಮೊದಲ ವರ್ಷ 3, 6, 12ನೆಯ ತಿಂಗಳುಗಳಲ್ಲಿ, ಅನಂತರ ಜೀವನಪರ್ಯಂತ ವರ್ಷಕ್ಕೊಮ್ಮೆಯಾದರೂ ಬಿ-12, ಫೋಲೇಟ್, ಕಬ್ಬಿಣಾಂಶ, ಡಿ ಜೀವಸತ್ವ, ಕ್ಯಾಲ್ಸಿಯಂ ಇವುಗಳ ಪರೀಕ್ಷೆ ಅವಶ್ಯ. ಶಸ್ತ್ರಕ್ರಿಯೆ ಬೆಂಗಳೂರಿನಲ್ಲಿ ಆಗಿದ್ದರೂ ಹೆಬ್ಬೂರಿನವರು ತುಮಕೂರಿನಲ್ಲಿಯೇ ರಕ್ತ ಕೊಟ್ಟು, ವರದಿಯನ್ನು ಶಸ್ತ್ರವೈದ್ಯರಿಗೆ ತಲುಪಿಸಬಹುದು. ವರದಿ ಚೆನ್ನಾಗಿದೆಯೆಂದು ಗುಳಿಗೆ ನಿಲ್ಲಿಸಕೂಡದು. ಗುಳಿಗೆಯಿಂದಲೇ ಅದು ಚೆನ್ನಾಗಿರುವುದು! ಶಸ್ತ್ರಕ್ರಿಯೆಯಾದ ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದಿದ್ದರೆ ಮಾತ್ರ ಪರೀಕ್ಷೆಯ ದಿನಕ್ಕಾಗಿ ಕಾಯಬೇಡಿರಿ. ಬಿ-1ರ ಕೊರತೆ ಕೆಲವೇ ವಾರಗಳಲ್ಲಿ ಮಿದುಳಿಗೆ ಹಾನಿ ಮಾಡಬಲ್ಲದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.