ಉಗುರೋ, ಬೆರಳ ತುದಿಯೋ?

ತಂತಿಯನ್ನು ಯಾರು ಮೀಟಿದರೂ ಸದ್ದು ಹೊರಡುತ್ತದೆ. ನಾದ ಹೊರಡುವುದು ಬೇರೆಯ ಮಾತು. ಈ ನಾದದ ಹಂಬಲಕ್ಕಾಗಿ ಸ್ಪೇನ್ ದೇಶದ ಫ್ರಾನ್ಸಿಸ್ಕೊ ತಾರೆಗ ಕೈಗೊಂಡ ಸಾಹಸ ಸಾಮಾನ್ಯವಾದುದಲ್ಲ. 1852ರಲ್ಲಿ ಜನಿಸಿದ ಈತ ಗಿಟಾರ್ ವಾದಕರಲ್ಲಿ ಅಗ್ರಗಣ್ಯನೆನಿಸಿ, ಕೀರ್ತಿಯನ್ನೂ ಶಿಷ್ಯರನ್ನೂ ಪಡೆದ ಮೇಲೆ, ಬಾಳಿನ ಕಡೆಯ ವರ್ಷಗಳಲ್ಲಿ ಬಲಗೈ ಉಗುರುಗಳನ್ನು ತೊರೆದು, ಬೆರಳಿನ ಮೆತ್ತನೆಯ ತುದಿಯಿಂದಲೇ ಮೀಟತೊಡಗಿದನು! ನಾದ ದುಂಡಗಾಯಿತು, ಮೃದುವಾಯಿತು. ಆದರೆ ಅದರ ಕಸುವು ಕುಗ್ಗಿತು.

ಶಿಷ್ಯರು ಯಾವ ಹಾದಿ ಹಿಡಿಯಬೇಕು? ಎಮಿಲಿಯೊ ಪುಜೋಲ್ ಗುರುವನ್ನೇ ಅನುಸರಿಸಿದನಲ್ಲದೆ, ಈ ಇಕ್ಕಟ್ಟನ್ನು ಕುರಿತು ಪುಸ್ತಕವನ್ನೇ ಬರೆದನು. ಮಿಗೆಲ್ ಲ್ಯೊಬೆತ್ ಉಗುರನ್ನು ಬಿಡಲಿಲ್ಲ. ನಮ್ಮ ವೈಣಿಕರಲ್ಲಿಯೂ ಈ ಎರಡು ಪಂಗಡಗಳು ಉಂಟಷ್ಟೆ.

1909ರಲ್ಲಿ ತಾರೆಗ ತೀರಿಕೊಂಡಾಗ ಆಂದ್ರೆಸ್ ಸೆಗೋವಿಯನಿಗೆ ಹದಿನಾರು ವರ್ಷ. ಬಹುಮಟ್ಟಿಗೆ ತಾನೇ ತನಗೆ ಗುರುವಾಗಿ ಕಲಿತ ಈತನಿಗೆ ಗಿಟಾರನ್ನು ದೊಡ್ಡ ಸಭಾಂಗಣಗಳಿಗೆ ಒಯ್ಯುವ ಹಟ. ಧ್ವನಿವರ್ಧಕವನ್ನು ಒಲ್ಲದವನಿಗೆ ಬೆರಳೇ ಗತಿ. ಹೀಗಾಗಿ ಆತ ಎರಡನ್ನೂ ಕೂಡಿಸಿದನು: ತಂತಿ ಮೊದಲು ಬೆರಳ ತುದಿಯನ್ನು ಮುಟ್ಟಿ, ಅಲ್ಲಿಂದ ಜಾರಿ, ಉಗುರಿನ ಅಂಚಿನಿಂದ ಬಿಡುಗಡೆ ಹೊಂದಬೇಕು. ಬರಿಯ ಉಗುರಿನ ಗಡಸು ಅಂಚು ತಾರದ ಉಪಸ್ವರಗಳನ್ನು ಹೆಚ್ಚಾಗಿ ಎಬ್ಬಿಸುವುದರಿಂದ ಸದ್ದು ತಗಡಿನಂತಾಗುತ್ತದೆ. ಬೆರಳಿನ ಮೃದುತ್ವ ಅದನ್ನು ತಡೆಯುತ್ತದೆ.

ಹೊಸದಾಗಿ ಕಲಿಯುವವರು ಬಹುಮಂದಿ ಮೊದಲು ಸ್ವರಗಳು ಬರಲಿ, ನಾದವನ್ನು ಆಮೇಲೆ ನೋಡೋಣ ಎಂದುಕೊಳ್ಳುತ್ತಾರೆ. ಆ 'ಆಮೇಲೆ' ಬರುವುದೇ ಇಲ್ಲ. ವೇಗದೊಂದಿಗೆ ಕರ್ಕಶತೆಯೂ ಕೈಗೆ ರೂಢಿಯಾಗಿರುತ್ತದೆ. ಪಕ್ಕದ ಕೋಣೆಯವರು ಬಾಗಿಲು ಮುಚ್ಚಿಕೊಂಡಿರುತ್ತಾರೆ.

ಪ್ರತಿದಿನವೂ ಮೊದಲ ಹತ್ತು ನಿಮಿಷಗಳನ್ನು ಒಂದೇ ತಂತಿಗೆ ಮೀಸಲಿಡುವುದು ಮೇಲು. ಎಡಗೈಗೆ ಕೆಲಸವಿಲ್ಲ. ಬಲಗೈ ಬೆರಳು ತಂತಿಯ ಮೇಲೆ ಕುಳಿತು, ಅದನ್ನು ವಾದ್ಯದ ಹಲಗೆಯ ಕಡೆಗೆ ಒತ್ತಿ ಬಿಡಲಿ. ಮೇಲಕ್ಕೆ ಕಿತ್ತರೆ ತಂತಿ ಮೆಟ್ಟಿಲುಗಳಿಗೆ ಬಡಿದು ಕಿರುಗುಟ್ಟುತ್ತದೆ. ಒಂದು ಸ್ವರ ಪೂರ್ತಿ ಅಡಗುವವರೆಗೆ ಕೇಳಿ, ಬಳಿಕ ಇನ್ನೊಂದು. ಕುದುರೆಯ ಬಳಿ ಮೀಟಿದರೆ ನಾದ ಚೂಪು. ನಡುವಿನ ರಂಧ್ರದ ಮೇಲೆ ದುಂಡು. ಮೆಟ್ಟಿಲುಗಳತ್ತ ಸರಿದಷ್ಟೂ ಇಂಪು ಹೆಚ್ಚಿ ಸ್ಪಷ್ಟತೆ ಕಡಿಮೆ. ಮೂರನ್ನೂ ಕಿವಿ ಗುರುತಿಸುವಂತಾಗಬೇಕು. ಇದೊಂದು ಬೇಸರದ ಕೆಲಸವೆನ್ನುವವರು ಉಂಟು. ಮೊದಲ ವಾರ ನಿಜಕ್ಕೂ ಬೇಸರವೇ.

ಉಗುರು ಬೆರಳ ತುದಿಯನ್ನು ಕೂದಲೆಳೆಯಷ್ಟು ಮೀರಿದ್ದರೆ ಸಾಕು. ಅದರ ಅಂಚನ್ನು ಅತಿ ನಯವಾದ ಉಪ್ಪುಕಾಗದದಿಂದ ಉಜ್ಜಿ, ಗಾಜಿನಂತೆ ನುಣುಪುಮಾಡಬೇಕು. ಅಲ್ಲಿಯ ಒರಟೆಲ್ಲವೂ ತಂತಿಯಲ್ಲಿ ಕೇಳಿಸುತ್ತದೆ. ಪಾತ್ರೆ ಉಜ್ಜುವಾಗಲೋ ಪೆಟ್ಟಿಗೆಯ ಬೀಗ ತೆಗೆಯುವಾಗಲೋ ಉಗುರು ಮುರಿದರೆ ಆ ದಿನ ಅಭ್ಯಾಸಕ್ಕೆ ರಜೆ ಬೇಕಾಗಿಲ್ಲ. ತಾರೆಗನ ಹಾದಿ ಇದ್ದೇ ಇದೆ.