‘ಲಕ್ಷ್ಯ ಎಲ್ಲೈತಿ?’

ಬಾಗಲಕೋಟೆ, ಹುನಗುಂದ, ಇಳಕಲ್ ಕಡೆ ವ್ಯಾಪಾರಕ್ಕೋ ಕೆಲಸಕ್ಕೋ ಹೋದ ನಮ್ಮವರ ಕಿವಿಗೆ ಬೇಗ ಬೀಳುವ ಮಾತು: ‘ಲಕ್ಷ್ಯ ಎಲ್ಲೈತಿ?’ ಹುಡುಗ ಪಾಠ ಕೇಳದಿದ್ದರೂ ಇದೇ, ಅಂಗಡಿಯವ ಚಿಲ್ಲರೆ ತಪ್ಪಿ ಕೊಟ್ಟರೂ ಇದೇ. ಕರಾವಳಿಯಲ್ಲಿ ನಾವು ‘ಗಮನ’ ಎನ್ನುತ್ತೇವೆ. ನಮ್ಮ ಮಾತಿನಲ್ಲಿ ‘ನಿರ್ಲಕ್ಷ್ಯ’ ಉಳಿದಿದೆ, ‘ಲಕ್ಷ್ಯ’ವೇ ಕಾಣೆ!

ಒಂದೊಂದು ಭಾಷೆಗೆ ಒಂದೊಂದು ದಾರಿ. ಕನ್ನಡದಲ್ಲಿ ಲಕ್ಷ್ಯ ‘ಕೊಡಬೇಕು’, ಮನಸ್ಸು ‘ಇಡಬೇಕು’. ಆ ಊರುಗಳ ದಖನಿ ಮನೆಗಳಲ್ಲಿ ‘ದಿಲ್ ಲಗಾಕೋ ಪಢೊ’ ಎಂದರೆ ಹೃದಯ ಅಂಟಿಸಿ ಓದು. ಕಾಸರಗೋಡು ದಾಟಿದರೆ ರೈಲು ನಿಲ್ದಾಣದ ಮಲಯಾಳ ಪ್ರಕಟಣೆ ಪ್ರಯಾಣಿಕರ ‘ಶ್ರದ್ಧೆ’ಯನ್ನೇ ಕೇಳುತ್ತದೆ.

ಅರಬಿಯಲ್ಲಿ ಇನ್ನೂ ಚೆಂದದ ಮಾತಿದೆ. ಇಮಾಂ ಗಝ್ಝಾಲಿ ‘ಇಹ್ಯಾ’ದಲ್ಲಿ ನಮಾಝಿನ ಒಳಗಿನ ಗುಣಗಳನ್ನು ಎಣಿಸುವಾಗ ಮೊದಲು ಹೇಳುವುದು ‘ಹುಝೂರುಲ್ ಖಲ್ಬ್’, ಅಂದರೆ ಹೃದಯ ಹಾಜರಿರುವುದು. ಶಾಲೆಯ ‘ಹಾಜರಿ’ ಪುಸ್ತಕದ ಹೆಸರೂ ಅದೇ ಮೂಲದ್ದು. ಮಗು ಬೆಂಚಿನಲ್ಲಿದೆ, ಹಾಜರಿಯೂ ಬಿದ್ದಿದೆ. ಖಲ್ಬ್ ಹಾಜರಿದೆಯೇ?

ಹಾಜರಿ ಹಾಕಿಸುವುದು ಹೇಗೆ? ಇಳಕಲ್ ಸೀರೆ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಅದಕ್ಕೇ ಪ್ರತಿ ಸೀರೆಗೂ ಹೊಸದಾಗಿ ಹಾಸು ಸಿದ್ಧವಾಗಬೇಕು. ನಿನ್ನೆಯ ಕೊಂಡಿ ಇವತ್ತಿನ ಸೀರೆಗೆ ಬರುವುದಿಲ್ಲ. ಶಾಫಿಈ ಮದ್‌ಹಬಿನ ನಮಗೆ ಇದು ಹೊಸತಲ್ಲ. ನಾಲಗೆಯಲ್ಲಿ ತಕ್ಬೀರ್ ಬರುವ ಹೊತ್ತಿಗೇ ಖಲ್ಬ್‌ನಲ್ಲಿ ನಿಯ್ಯತ್ ಇರಬೇಕೆಂದು ಮದ್ರಸದಲ್ಲೇ ಕಲಿತಿದ್ದೇವೆ. ಅದೂ ಕೊಂಡಿಯೇ. ಸುಬ್‌ಹಿಗೆ ಹಾಕಿದ್ದು ಲುಹರ್‌ಗೆ ಸಾಲದು, ಮತ್ತೆ ಹಾಕಬೇಕು.

ಪರೀಕ್ಷೆ ಹತ್ತಿರ ಬಂದರೆ ನಾವು ಮಕ್ಕಳಿಗೆ ಹೇಳುವುದೇನು? ‘ಕಾನ್ಸಂಟ್ರೇಟ್ ಮಾಡು!’ ಹೇಗೆ ಮಾಡಬೇಕೆಂದು ಆ ಪದ ಹೇಳುವುದಿಲ್ಲ. ಹಾಗೆ ಗದರುವಾಗ ನಮ್ಮ ಬೆರಳು ಮೊಬೈಲಿನ ಮೇಲೇ ಓಡುತ್ತಿರುತ್ತದೆ. ಮಕ್ಕಳು ನಮ್ಮ ಮಾತಿಗಿಂತ ಬೆರಳನ್ನೇ ನೋಡುತ್ತಾರೆ. ತಪ್ಪು ಅವರದೊಂದೇ ಅಲ್ಲ.

ನನ್ನ ಸಲಹೆ ಸಣ್ಣದು. ಮಗ್ರಿಬ್‌ನಿಂದ ಇಶಾ ತನಕ ಮನೆಯ ಫೋನುಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಉಮ್ಮನದೂ ಬಾಪನದೂ ಸೇರಿ. ಪುಸ್ತಕ ತೆರೆಯುವ ಮೊದಲು ಮಗು ಇವತ್ತು ಏನು ಓದುತ್ತೇನೆಂದು ಒಂದು ನಿಯ್ಯತ್ ಮಾಡಲಿ. ಮನಸ್ಸು ಹತ್ತು ಸಲ ಓಡಿದರೆ ಬೈಯದೆ ಹತ್ತು ಸಲವೂ ಕರೆದು ತರೋಣ. ಎಳೆ ಕಡಿಯಿತೆಂದು ನೇಕಾರ ಮಗ್ಗ ಬಿಟ್ಟು ಏಳುವುದಿಲ್ಲ, ಗಂಟು ಹಾಕಿ ಮುಂದುವರಿಯುತ್ತಾನೆ.